ಹಾಲುನೀರಿನಲ್ಲಿ ಹನ್ನೊಂದನೆಯ ಇಲಿ

ಹನ್ನೊಂದನೆಯ ನಂಬರಿನ ಇಲಿ ಬಿಳಿ ನೀರಿನಲ್ಲಿ ಸುತ್ತು ಹಾಕುತ್ತಲೇ ಇತ್ತು. ಹಾಲಿನ ಪುಡಿ ಕದಡಿದ ಆ ದೊಡ್ಡ ತೊಟ್ಟಿಯಲ್ಲಿ, ನೀರಿನ ಮಟ್ಟದಿಂದ ಒಂದು ಬೆರಳು ಕೆಳಗೆ, ಕಣ್ಣಿಗೆ ಕಾಣದ ಒಂದು ಮೆಟ್ಟಿಲಿತ್ತು. ಮೊನ್ನೆಯವರೆಗೆ ಇದು ಆರೇ ಸೆಕೆಂಡಿನಲ್ಲಿ ಅದನ್ನು ಹತ್ತಿ ಮೀಸೆ ಒರೆಸಿಕೊಳ್ಳುತ್ತಿದ್ದ ಜಾಣ ಇಲಿ. ನಿನ್ನೆ ಅರಿವಳಿಕೆ ಮದ್ದು ಕೊಟ್ಟಿದ್ದರು. ಇಂದು ನಿಮಿಷ ಕಳೆದರೂ ನೆಲೆ ಸಿಗದೆ, ನಿದ್ದೆಗಣ್ಣಿನಲ್ಲಿ ಎದ್ದು ನಡೆಯುವವರ ಹಾಗೆ ಈಜುತ್ತಿತ್ತು. ಪ್ರಯೋಗಾಲಯದ ಸಂಶೋಧಕಿ ಲಾಂಗಿ ಅದನ್ನು ಎತ್ತಿ ಟವೆಲಿನಲ್ಲಿ ಸುತ್ತಿಕೊಂಡಳು.

ಡನೀಡಿನ್ ಊರಿನ ಆಸ್ಪತ್ರೆಯಲ್ಲಿ ಅವಳ ತಾಯಿಗೆ ಸೊಂಟದ ಆಪರೇಷನ್ ಆಗಿ ಮೂರು ದಿನ. ಕೊಟ್ಟಿದ್ದು ಇದೇ ಮದ್ದು. ಎಚ್ಚರವಾದಾಗಿನಿಂದ ಆಕೆ ಮಗಳನ್ನು "ನರ್ಸಮ್ಮ" ಎಂದೇ ಕರೆಯುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಡಾಕ್ಟರು ಬಂದು ನೋಡುವವರಿದ್ದರು. ಮಗಳ ಗುರುತು ಹತ್ತಿದರೆ ಮನೆಗೆ, ಇಲ್ಲದಿದ್ದರೆ ಮರೆವಿನವರನ್ನು ನೋಡಿಕೊಳ್ಳುವ ಆಶ್ರಮಕ್ಕೆ.

"ಇಲಿ ಮರೆತ್ರೆ ನಿಮ್ಮಮ್ಮನೂ ಮರೀಬೇಕು ಅಂತ ಯಾವ ಪುಸ್ತಕದಲ್ಲಿದ್ಯೇ?" ಎಂದಳು ಮೋರಾಗ್. ಇಲಿಗಳ ಬೋನು ತೊಳೆಯುತ್ತಲೇ ತಲೆ ನರೆತ ಹೆಂಗಸು ಅವಳು.

"ನನ್ನ ಪುಸ್ತಕದಲ್ಲೇ. ಬರೀತಿರೋಳು ನಾನೇ ಅಲ್ವಾ."

ಲಾಂಗಿ ಇಲಿಯ ನೆತ್ತಿಯ ಮೇಲೆ ಕೂರಿಸಿದ್ದ ಪುಟ್ಟ ಗುಬುಟಿಗೆ ತಂತಿ ಸಿಕ್ಕಿಸಿ ಸ್ಪೀಕರ್ ಹಾಕಿದಳು. ನೆನಪಿನ ಜಾಗದ ನರಕೋಶಗಳ ಮಾತು ಅದರಲ್ಲಿ ಕೇಳುತ್ತದೆ. ನಿನ್ನೆ ಮದ್ದು ಏರಿದಾಗ ಆ ಸದ್ದು ದೂರದ ಸಮುದ್ರದ ಹಾಗೆ ಮೊರೆದು ಮೊರೆದು ಮಲಗಿಬಿಟ್ಟಿತ್ತು. ಈಗ ತಗಡಿನ ಮೇಲೆ ಹನಿ ಬಿದ್ದಂತೆ ಟಪಟಪ. ಮೊನ್ನೆ ಹೇಗಿತ್ತೋ ಹಾಗೆಯೇ. ಅವಳು ಕಣ್ಣು ಮುಚ್ಚಿದಳು. ಚಿಕ್ಕಂದಿನ ಸಮೋವಾ ದ್ವೀಪದ ಮನೆ, ತಗಡಿನ ಸೂರು, ಭಾನುವಾರ ಚರ್ಚಿಗೆ ಹೊರಡುವ ಮೊದಲು ತಲೆಗೆ ಎಣ್ಣೆ ತಿಕ್ಕುವ ಅಮ್ಮನ ಕೈ.

"ತಲೆಯೊಳಗೆ ಎಲ್ಲ ನೆಟ್ಟಗಿದೆ," ಎಂದಳು ಕಣ್ಣು ತೆರೆದು. "ಮತ್ಯಾಕೆ ದಾರಿ ತಪ್ತಿದೆ ಇದು?"

ದಾರಿ ತಿಳಿಯಲೆಂದು ಅವಳೇ ಗೋಡೆಗೆ ಅಂಟಿಸಿದ್ದ ಕಪ್ಪು ತ್ರಿಕೋನ, ಬಿಳಿ ವೃತ್ತ ಎರಡೂ ಇದ್ದಲ್ಲೇ ಇದ್ದವು. ಅವುಗಳ ನಡುವೆ ಒಂದು ಬೋಳು ಮೊಳೆ.

"ಮೋರಾಗ್, ಇಲ್ಲೊಂದು ಬಟ್ಟೆ ನೇತಾಡ್ತಿತ್ತಲ್ಲ?"

"ಕೆಂಪು ಹೂವಿಂದಾ? ನಾನು ಪಾತ್ರೆ ಒರೆಸೋದು. ಶುಕ್ರವಾರ ಅಲ್ವಾ, ಒಗೆಯೋಕೆ ಹಾಕ್ದೆ."

ಶುಕ್ರವಾರ ಬಂತೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಒಗೆದುಹಾಕುವುದು ಮೋರಾಗ್‌ಳ ವ್ರತ. ನೀರು ತೊಟ್ಟಿಕ್ಕುತ್ತಿದ್ದ ಬಟ್ಟೆಯನ್ನೇ ತಂದು ಮೊಳೆಗೆ ಸಿಕ್ಕಿಸಿದರು. ಇಲಿಯನ್ನು ನೀರಿಗೆ ಬಿಟ್ಟರು. ಅದು ಒಮ್ಮೆ ಮೂತಿ ಎತ್ತಿತು. ಐದನೆಯ ಸೆಕೆಂಡಿಗೆ ಮೆಟ್ಟಿಲ ಮೇಲೆ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು.

"ನಿನ್ನ ತ್ರಿಕೋನ ನೆಚ್ಕೊಂಡಿದ್ರೆ ಮುಳುಗೇ ಹೋಗ್ತಿತ್ತು," ಎಂದು ಮೋರಾಗ್ ನಕ್ಕಳು.

ಆ ಬಟ್ಟೆಯಿಂದ ಲಾಂಗಿಯ ಕಣ್ಣು ತನ್ನ ಕೋಟಿನತ್ತ ಇಳಿಯಿತು. ಮೂರು ದಿನವೂ ಅವಳು ಇಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಿದ್ದಳು. ಇದೇ ನೀಲಿ ಕೋಟು, ಕೂದಲೆಲ್ಲ ಟೊಪ್ಪಿಯೊಳಗೆ, ಮೈತುಂಬ ಸ್ಪಿರಿಟ್ಟಿನ ವಾಸನೆ, ಮೇಲೆ ವಾರ್ಡಿನವರು ಕೊಟ್ಟ ಮಾಸ್ಕು. ಅವಳು ಕೋಟು ಕಳಚಿ ಮನೆಗೆ ಓಡಿದಳು.

ಮೂರಕ್ಕೆ ಡಾಕ್ಟರು ಕಾಗದ ಹಿಡಿದು ಮಂಚದ ಪಕ್ಕ ನಿಂತಿದ್ದರು. ತಾಯಿ ಬಿಳಿ ಪರದೆಯನ್ನೇ ದಿಟ್ಟಿಸುತ್ತಿದ್ದಳು, ಅದರಾಚೆ ಎಲ್ಲೋ ತೇಲುತ್ತಿರುವಂತೆ. ಮಾಸ್ಕು ಹಾಕಿಕೊಂಡೇ ಲಾಂಗಿ ಬಾಗಿದಳು. ಕೊಬ್ಬರಿ ಎಣ್ಣೆ ಸುರಿದುಕೊಂಡ ಬಿಚ್ಚುಗೂದಲು ತಾಯಿಯ ಎದೆಯ ಮೇಲೆ ಬಿತ್ತು. ಮುದುಕಿಯ ಮೂಗಿನ ಹೊಳ್ಳೆ ಅರಳಿತು. ಒಂದು ಎಳೆ ಹಿಡಿದು ಬೆರಳ ನಡುವೆ ಜಾರಿಸಿ ನೋಡಿದಳು.

"ಬುಡಕ್ಕೆ ತಾಗೇ ಇಲ್ಲ, ಲಾಂಗಿ," ಎಂದು ಗದರಿದಳು. "ಮೂರು ದಿನದಿಂದ ಎಲ್ಲಿ ಹಾಳಾಗಿ ಹೋಗಿದ್ದೆ ನೀನು? ಪಾಪ, ಯಾರೋ ನರ್ಸಮ್ಮ ನನ್ನ ಪಕ್ಕದಲ್ಲಿ ಕೂತು ಅಳ್ತಾನೇ ಇದ್ಲು."