ಕನ್ನಡ ಬಲ್ಲ ವಿದೇಶಿ

ಪೇಟೆಗೆ ಬಂದು ಕೊಂಡ ಮಗಳ ನಿಶ್ಚಿತಾರ್ಥದ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು, ಎರಡು ಗಂಟೆಯ ಯಲ್ಲಾಪುರದ ಬಸ್ಸಿಗೆಂದು ಓಡುತ್ತಿದ್ದ ಸಿದ್ದಿ ಸುಬ್ರಾಯನನ್ನು ಪೊಲೀಸ್ ಫೌಜದಾರ ತಡೆದು ನಿಲ್ಲಿಸಿದ. ಆಫ್ರಿಕಾದಿಂದ ಬಂದ ಹಿರಿಯರು ಬಿಟ್ಟುಹೋದ ಕಪ್ಪು ಮೈ, ಗುಂಗುರು ಕೂದಲು. ಅಷ್ಟೇ ಸಾಕಾಯಿತು ಆ ಪುಣ್ಯಾತ್ಮನಿಗೆ.

"ಪಾಸ್‌ಪೋರ್ಟ್ ತಗೀ."

"ನಾನು ಯಲ್ಲಾಪುರದ ಸಿದ್ದಿ ಸಾಹೇಬ್ರೆ. ಪಾಸ್‌ಪೋರ್ಟ್ ಎಂತಕ್ಕೆ?"

"ಕನ್ನಡ ಚಲೋ ಕಲ್ತಾನ," ಎಂದ ಫೌಜದಾರ, ಪಕ್ಕದ ಪೇದೆಗೆ. "ಅಂದ್ರ ಭಾಳ ವರ್ಷದಿಂದ ಕದ್ದು ಅದಾನ. ಎಷ್ಟು ವರ್ಷಾತಲೇ ಬಂದು?"

"ನಿಮ್ಮ ಮುತ್ತಜ್ಜ ಹುಟ್ಟುವ ಮೊದಲೇ ಬಂದವರು ನಾವು."

"ಹಂಗಾರ ವೀಸಾ ಮುಗದಿರಬೇಕ್ರಿ," ಎಂದ ಪೇದೆ.

ಬಾಯಿ ಬಿಟ್ಟಷ್ಟೂ ಕೇಸು ಬೆಳೆಯುತ್ತಿದೆ ಎಂದು ಸುಬ್ರಾಯ ಸಿಟ್ಟು ನುಂಗಿ ಸುಮ್ಮನಾದ.

"ಮುಗೀತ್ ನೋಡ್ರಿ ಇವನ ಕನ್ನಡ," ಎಂದ ಪೇದೆ. "ಕಲ್ತದ್ದು ಇಷ್ಟ."

ವಿದೇಶಿಯನ್ನು ದುಭಾಷಿಯಿಲ್ಲದೆ ವಿಚಾರಿಸುವಂತಿಲ್ಲ ಎಂದು ಫೌಜದಾರ ಪಟ್ಟು ಹಿಡಿದ. ಸುಬ್ರಾಯ ಅದೇ ಪೇಟೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ತನ್ನ ಭಾವನಿಗೆ ಫೋನು ಮಾಡಿದ. ನಿಶ್ಚಿತಾರ್ಥಕ್ಕೆ ಹೊರಟು ನಿಂತಿದ್ದ ಭಾವ ಹತ್ತು ನಿಮಿಷದಲ್ಲಿ ಬಂದ. ಫೌಜದಾರ ಕನ್ನಡದಲ್ಲಿ ಕೇಳಿದ್ದನ್ನು ಅವನು ಸುಬ್ರಾಯನಿಗೆ ಕನ್ನಡದಲ್ಲೇ ಹೇಳಿದ. ಸುಬ್ರಾಯ ಕನ್ನಡದಲ್ಲಿ ಹೇಳಿದ್ದನ್ನು ಫೌಜದಾರನಿಗೆ ಕನ್ನಡದಲ್ಲೇ ಹೇಳಿದ. ಪೇದೆ ಎಲ್ಲವನ್ನೂ ಬರೆದುಕೊಂಡ.

"ಈಗ ತಿಳೀತು," ಎಂದ ಫೌಜದಾರ. "ಮೊದಲ ಹಿಂಗ ಹೇಳಾಕ ಏನಾಗಿತ್ತು? ಹೋಗು."

ಬಸ್ಸಿಗೆ ಇನ್ನೂ ಐದು ನಿಮಿಷವಿತ್ತು. ಸುಬ್ರಾಯ ಭಾವನ ಕೈ ಹಿಡಿದು ಹೊರಟ. ಫೌಜದಾರ ಭಾವನ ಗುಂಗುರು ಕೂದಲನ್ನೊಮ್ಮೆ ನೋಡಿ, ಲಾಠಿ ಅಡ್ಡ ಹಿಡಿದ.

"ನೀ ಎಲ್ಲಿ ಹೊಂಟಿ?" ಎಂದ ಸುಬ್ರಾಯನಿಗೆ. "ಇನ್ನ ಇವನ ವಿಚಾರಣಾ ಆಗಬೇಕು. ದುಭಾಷಿ ಬೇಕಲ್ಲ."