ಅರಿಷಿಣ ಬೀಸುವ ದಿನ

ಮನಸ್ಸಿನ ಸಿಟ್ಟು ತೆಗೆದು ಕುಪ್ಪಿಯಲ್ಲಿಡುವ ಕೇಂದ್ರ ಊರಿಗೆ ಬಂದಾಗ, ಒಳ್ಳೆಯವಳಾಗಬೇಕೆಂದು ಎಲ್ಲರಿಗಿಂತ ಮೊದಲು ಹೋದವಳು ನೀಲವ್ವನ ನಾದಿನಿ ಗುರುಬಸವ್ವ. ಹಲ್ಲು ಕೀಳಿಸಿಕೊಂಡಷ್ಟು ಸಲೀಸಾಗಿ ಕೆಲಸ ಮುಗಿದಿತ್ತು. ಆಮೇಲೆ ಊರಿನ ಬಹಳ ಮಂದಿ ಹೋಗಿಬಂದರು. ನೀಲವ್ವ ಮಾತ್ರ ಹೋಗಲಿಲ್ಲ.

ಈಗ ನೀಲವ್ವನ ಮಗಳ ಮದುವೆಗೆ ಅರಿಷಿಣ ಬೀಸಲು ಇಬ್ಬರೂ ಬೀಸುವ ಕಲ್ಲಿನ ಒಂದೇ ಗೂಟ ಹಿಡಿದು ಕೂತಿದ್ದರು. ಇಂಥ ದಿನ ನಾದಿನಿಯಾದವಳು ಪದ ಕಟ್ಟಿ ಅತ್ತಿಗೆಯನ್ನು ಹಳಿಯಬೇಕು, ಅತ್ತಿಗೆ ಪದದಲ್ಲೇ ತಿರುಗೇಟು ಕೊಡಬೇಕು. ಹಿಂದೆಲ್ಲ ಗುರುಬಸವ್ವ ಬಾಯಿ ತೆಗೆದರೆ ನೆರೆಯ ಹೆಂಗಸರು ಹಿಟ್ಟಿನ ಕೈಯಲ್ಲೇ ಓಡಿಬರುತ್ತಿದ್ದರು. ನಕ್ಕು ನಕ್ಕು ಬೀಸುವ ಕಲ್ಲೇ ನಿಂತುಬಿಡುತ್ತಿತ್ತು.

"ನನ್ನ ತವರಮನಿಯವರು ಜಿಪುಣರು ಅಂತ ಹಾಡ್ತಿದ್ದಿ. ಈಗ ಹಾಡು ನೋಡೋಣು," ಎಂದು ನೀಲವ್ವ ಕೆಣಕಿದಳು.

"ಯಾಕ ಹಂಗಂತಿ ವೈನಿ? ಪಾಪ, ಅವರು ಭಾಳ ಚಲೋ ಮಂದಿ."

ನೀಲವ್ವ ಗೂಟ ಬಿಟ್ಟಳು. "ನಿನಗ ಎಲ್ಲಾರೂ ಚಲೋನ. ನಾನೂ ಅಷ್ಟ, ಹಾದ್ಯಾಗ ಹೋಗಾಕಿನೂ ಅಷ್ಟ. ನೀ ಎತ್ತಿ ಆಡಿಸಿದ ಹುಡುಗಿ ಗಂಡನ ಮನಿಗೆ ಹೊಂಟಾಳ. ಎದಿಯಾಗ ಏನರ ಆಗತೈತೇನ?"

ಗುರುಬಸವ್ವ ಬಹಳ ಹೊತ್ತು ತನ್ನೊಳಗೇ ಹುಡುಕಿದಳು. "ಇಲ್ಲ ವೈನಿ," ಎಂದು ಮೆಲ್ಲಗೆ ಹೇಳಿ, ಎದ್ದು ಕೇಂದ್ರದ ಕಡೆ ನಡೆದಳು.

ತನ್ನ ಸಿಟ್ಟನ್ನು ಮರಳಿ ಪಡೆದು ಬಂದವಳ ದನಿ ಹೊಸ್ತಿಲಾಚೆಯೇ ಏರಿತ್ತು. "ಇದೇನ ಅರಿಷಿಣನೋ, ರವಾನೋ? ನಿಮ್ಮವ್ವ ನಿನಗ ಬೀಸೂದೂ ಕಲಿಸಲಿಲ್ಲೇನ..."

ಮಾತು ಅರ್ಧಕ್ಕೆ ನಿಂತಿತು. ಮದುಮಗಳು ಹಸಿರು ಬಳೆ ತೊಟ್ಟು ಒಳಗಿನಿಂದ ಬಂದಿದ್ದಳು. ಗುರುಬಸವ್ವ ಅವಳ ಕೊರಳು ತಬ್ಬಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಅತ್ತಳು.