ಮೋಡ ಕವಿದ ವಾತಾವರಣ

ರೇಡಿಯೋದ ಹೊಟ್ಟೆಗೆ ಫೋನು ತುರುಕಿ ಹಿಂಬದಿಯ ಮುಚ್ಚಳ ಒತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಛತ್ರಿ ಕುಟ್ಟಿದ ಸದ್ದಾಯಿತು. ಕ್ಷೌರಿಕ ಗಡಬಡಿಸಿ ರೇಡಿಯೋದಿಂದ ದೂರ ಸರಿದ. ಟವೆಲ್ಲು ಕೊಡವಿ, ಏನೂ ಅರಿಯದವನಂತೆ ಕತ್ತಿಗೆ ಬ್ಲೇಡು ಸಿಕ್ಕಿಸತೊಡಗಿದ.

“ಹಾಡು ಶುರುವಾಯ್ತಾ?” ಎನ್ನುತ್ತ ಯಜಮಾನರು ಒಳಗೆ ಬಂದರು.

“ಈಗ ತಾನೇ ಯಜಮಾನ್ರೇ. ಕೂತ್ಕೊಳ್ಳಿ.”

ಸುಳ್ಳು. ಊರಿನ ರೇಡಿಯೋ ಸ್ಟೇಷನ್ನು ನಿಂತು ತಿಂಗಳುಗಳೇ ಆಗಿದ್ದವು. ಕೇಳುವವರೇ ಇಲ್ಲ ಎಂದು ಮೇಲಿನವರು ಬಾಗಿಲು ಎಳೆದಿದ್ದರು. ಒಂದು ಕಾಲದಲ್ಲಿ ಬೆಳಗಿನ ಹಾಡಿಗೆಂದೇ ಅಂಗಡಿಯ ಬೆಂಚು ತುಂಬುತ್ತಿತ್ತು. ಗಡ್ಡ ಬೋಳಿಸಿಕೊಂಡವರೂ ಎದ್ದು ಹೋಗುತ್ತಿರಲಿಲ್ಲ. ಈಗ ಅವರೆಲ್ಲ ಎದುರುಗಡೆಯ ಟಿವಿ ಇರುವ ಸಲೂನಿನ ಪಾಲಾಗಿದ್ದರು.

ಯಜಮಾನರದು ಮಾತ್ರ ಉಲ್ಟಾ. ಮೊದಲು ಭಾನುವಾರಕ್ಕೊಮ್ಮೆ ಬರುತ್ತಿದ್ದವರು ನಿವೃತ್ತರಾದ ಮೇಲೆ ದಿನಾ ಬರತೊಡಗಿದರು. ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರೆ, “ಊರಾಚೆ ಕಂಬ ಕಾಯೋದು” ಎನ್ನುತ್ತಿದ್ದರು. ಕರೆಂಟಿನ ಆಫೀಸಿರಬೇಕು ಎಂದು ಕ್ಷೌರಿಕ ಸುಮ್ಮನಾಗಿದ್ದ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲದ ಮನುಷ್ಯ.

ನಿವೃತ್ತಿಯ ಮರುದಿನ ಬಂದು ಕುರ್ಚಿಯಲ್ಲಿ ಕೂತರು. ರೇಡಿಯೋ ಬರೀ ಬುಸುಗುಡುತ್ತಿತ್ತು.

“ಇದೂ ಇಲ್ಲ ಅಂದ್ರೆ ಬೆಳಗಾಗೋದು ಹೇಗಪ್ಪಾ?” ಎಂದರು.

ಸ್ಟೇಷನ್ನು ಮುಚ್ಚಿದ್ದು ಗೊತ್ತಿದ್ದೂ ಕ್ಷೌರಿಕ, “ಏನೋ ಕೆಟ್ಟಿದೆ ಯಜಮಾನ್ರೇ, ರಿಪೇರಿ ಮಾಡಿಸ್ತೀನಿ” ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದೆಂದೋ ಕ್ಯಾಸೆಟ್ಟಿಗೆ ತುಂಬಿಟ್ಟಿದ್ದ ಬೆಳಗಿನ ಕಾರ್ಯಕ್ರಮವನ್ನು ಬಾಮೈದನ ಕೈಕಾಲು ಹಿಡಿದು ಫೋನಿಗೆ ಇಳಿಸಿಕೊಂಡ. ಬಾಮೈದ ತನ್ನ ಬುದ್ಧಿವಂತಿಕೆ ತೋರಿಸಲು ಕರಕರ ಸದ್ದನ್ನೆಲ್ಲ ತೊಳೆದುಹಾಕಿದ್ದ. ಕರಕರ ಇಲ್ಲದ ರೇಡಿಯೋವನ್ನು ಯಾರು ನಂಬುತ್ತಾರೆ? ಅದಕ್ಕೇ ಕ್ಷೌರಿಕ ಹಾಡಿನ ನಡುನಡುವೆ ಬ್ಲೇಡಿನ ಕಾಗದ ಮುದುರುತ್ತಿದ್ದ.

“ಇವತ್ತು ಸಿಗ್ನಲ್ಲು ಸ್ವಲ್ಪ ಬಡಕಲು,” ಎನ್ನುತ್ತಿದ್ದರು ಯಜಮಾನರು.

ಕ್ಯಾಸೆಟ್ಟಿನಲ್ಲಿ ಹವಾಮಾನ ವರದಿಯೂ ಇತ್ತು. ಮೋಡ ಕವಿದ ವಾತಾವರಣ, ಅಲ್ಲಲ್ಲಿ ಮಳೆಯಾಗುವ ಸಾಧ್ಯತೆ. ದಿನಾ ಅದೇ ಮೋಡ, ಅದೇ ಅಲ್ಲಲ್ಲಿ. ಪಾಪ, ಅದನ್ನು ಕೇಳಿದ ಮರುದಿನದಿಂದಲೇ ಯಜಮಾನರು ಕೆಂಡದಂಥ ಬಿಸಿಲಲ್ಲೂ ಛತ್ರಿ ಹಿಡಿದು ಬರತೊಡಗಿದ್ದರು. ಕ್ಷೌರಿಕನಿಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ನಿಜ ತಿಳಿದರೆ ಈ ಮನುಷ್ಯ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ. ಆಮೇಲೆ ಖಾಲಿ ಬೆಂಚು ನೋಡುತ್ತ ಕೂರುವ ತನಗಾದರೂ ಮಾತಾಡಲು ಯಾರಿದ್ದಾರೆ?

ಇವತ್ತು ಒಂದು ಕೆನ್ನೆ ಮುಗಿದು ಕತ್ತಿ ಗಂಟಲ ಬಳಿ ಬಂದಿತ್ತು. ಹಾಡುವವಳು ಮೇಲಿನ ಸ್ವರಕ್ಕೆ ಏರಿದಳು, ಏರಿದವಳು ಗಪ್ಪನೆ ನಿಂತಳು. ರೇಡಿಯೋ ಟ್ರಿಣ್ ಟ್ರಿಣ್ ಎಂದು ಬಡಿದುಕೊಳ್ಳತೊಡಗಿತು.

ಕ್ಷೌರಿಕ ಕತ್ತಿಯನ್ನು ಗಂಟಲ ಬಳಿಯಿಂದ ಸರಿಸಿದ. ಯಜಮಾನರು ಕಣ್ಣು ತೆರೆಯಲಿಲ್ಲ.

“ಎತ್ತಪ್ಪಾ. ಮನೆಯವರಿರಬೇಕು.”

ಇನ್ನು ಮುಚ್ಚಿಡುವುದೇನು? ಕ್ಷೌರಿಕ ಕತ್ತಿ ಕೆಳಗಿಟ್ಟು ಕೈಮುಗಿದ.

“ಹೊಟ್ಟೆಗೆ ಹಾಕ್ಕೊಳ್ಳಿ ಯಜಮಾನ್ರೇ. ಮೋಸ ಮಾಡ್ಬೇಕು ಅಂತಲ್ಲ. ಆ ಸ್ಟೇಷನ್ನೇ ನಿಂತುಹೋಗಿದೆ. ನಿಮಗೆ ಯಾವ ಬಾಯಲ್ಲಿ ಹೇಳ್ಲಿ ಅಂತ...”

ಯಜಮಾನರು ನೊರೆ ಉಳಿದಿದ್ದ ಕೆನ್ನೆಯನ್ನು ಅವನತ್ತ ತಿರುಗಿಸಿದರು.

“ಗೊತ್ತಪ್ಪಾ. ಕೊನೇ ದಿನ ಆ ಸ್ಟೇಷನ್ನಿನ ಕಂಬದ ಸ್ವಿಚ್ಚು ಆರಿಸಿದ್ದು ನಾನೇ.”